ಪರದೆಯ ಮೇಲಿನ ರಸ್ತೆ ಸೊಟ್ಟಗಾದ ದಿನ

೨೦೦೩ರ ಮಾತು. ಪಿಯುಸಿ ಮುಗಿಸಿ ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದೆ. ಚಿಕ್ಕಂದಿನಲ್ಲಿ ಜೋಳದ ದಂಟು ಚುಚ್ಚಿ ನನ್ನ ಬಲಗಣ್ಣು ಹೋಗಿತ್ತು. ಎಡಗಣ್ಣೊಂದೇ ಆಸರೆ, ಅದಕ್ಕೂ ದಪ್ಪ ಕನ್ನಡಕ.

ಶನಿವಾರ ಪಾಠ ಮುಗಿದ ಮೇಲೆ ಶಶಿಕಲಾ ಮೇಡಂ ನಮಗೆ ಅರ್ಧ ಗಂಟೆ ಕಾರ್ ಗೇಮ್ ಆಡಲು ಬಿಡುತ್ತಿದ್ದರು. ಆ ದಿನ ನನ್ನ ಸರದಿ ಬಂದಾಗ ರಸ್ತೆಯ ಬಿಳಿ ಗೆರೆ ನಡುವೆ ಬಾಗಿದಂತೆ ಕಂಡಿತು. ಎರಡು ಸಲ ಕಾರನ್ನು ಗೋಡೆಗೆ ಗುದ್ದಿಸಿದೆ.

"ಮೇಡಂ, ಈ ಗೆರಿ ಯಾಕ ಸೊಟ್ಟ ಐತ್ರಿ?"

"ರೆಸಲ್ಯೂಷನ್ ಕಡಿಮಿ ಐತಿ, ಅದಕ್ಕ. ಚುಕ್ಕಿ ಕಡಿಮಿ ಆದ್ರ ಒಂದೊಂದು ಚುಕ್ಕಿನೂ ದಪ್ಪ ಆಗ್ತೈತಿ, ಅಂಚೆಲ್ಲ ಮೆಟ್ಲಿನಂಗ ಕಾಣ್ತೈತಿ. ತಡಿ, ಹೆಚ್ಚು ಮಾಡ್ತೀನಿ," ಎಂದ ಮೇಡಂ, ೬೪೦×೪೮೦ ಇದ್ದುದನ್ನು ೧೦೨೪×೭೬೮ಕ್ಕೆ ಏರಿಸಿದರು.

ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಪಕ್ಕದಲ್ಲಿದ್ದ ಗೆಳತಿ ರೇಣುಕಾ, "ಅಬ್ಬಾ! ಮುಂದಿನ ಕಾರಿನ ನಂಬರೂ ಓದಾಕ ಬರ್ತೈತಲ್ಲೇ!" ಎಂದಳು. ನನಗೆ ಗೆರೆ ಹಾಗೇ ಬಾಗಿತ್ತು. ನಂಬರ್ ಇದ್ದ ಕಡೆ ಬರೀ ಮಬ್ಬು.

"ಇನ್ನೂ ಸೊಟ್ಟನ ಐತ್ರಿ," ಎಂದೆ. ರೇಣುಕಾ ನಕ್ಕಳು. ಮೇಡಂ ನಗಲಿಲ್ಲ.

"ಗೀತಾ, ಆ ಬಾಗಿಲ ಚೌಕಟ್ಟು ನೋಡು. ಅದು ನೆಟ್ಟಗೈತೇನು?"

ತಿರುಗಿ ನೋಡಿದೆ. ಚೌಕಟ್ಟು ನೀರೊಳಗೆ ಕಂಡಂತೆ ಡೊಂಕಾಗಿತ್ತು. ಕೆಳಗೊಂದು ಕಪ್ಪು ನೆರಳು.

"ಮೇಡಂ, ನನ್ನ ಕಣ್ಣು ಹೋಗ್ತೈತೇನ್ರಿ?"

ಮೇಡಂ ಕ್ಲಾಸಿಗೆ ಬೀಗ ಹಾಕಿ, ಅವ್ವನಿಗೆ ತಿಳಿಸಲು ರೇಣುಕಾಳನ್ನು ಕಳಿಸಿ, ನನ್ನನ್ನು ಹೊಸಪೇಟೆಯ ಬಸ್ ಹತ್ತಿಸಿ ತಾವೂ ಹತ್ತಿದರು. ದಾರಿಯುದ್ದಕ್ಕೂ ಕಿಟಕಿಯಾಚೆಯ ಕರೆಂಟು ಕಂಬಗಳನ್ನೇ ನೋಡುತ್ತಿದ್ದೆ. ಒಂದೂ ನೆಟ್ಟಗಿರಲಿಲ್ಲ. ನೆರಳು ಮೇಲೇರುತ್ತಿದೆಯೇನೋ ಎಂದು ಮತ್ತೆ ಮತ್ತೆ ಅಂದಾಜು ಮಾಡುತ್ತಿದ್ದೆ. ಬೆಳಿಗ್ಗೆ ಅವಸರದಲ್ಲಿ ಅವ್ವನ ಮುಖ ಸರಿಯಾಗಿ ನೋಡಲೇ ಇಲ್ಲವಲ್ಲ ಎನಿಸಿ ಅಳು ಒತ್ತರಿಸಿ ಬಂತು. ಮೇಡಂ ನನ್ನ ಕೈ ಬಿಡಲಿಲ್ಲ. ಅವರ ಅಂಗೈಯೂ ಬೆವೆತಿತ್ತು.

ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, "ಕಣ್ಣಿನ ಹಿಂದಿನ ಪದರ ಕಿತ್ಕೊಳ್ಳಾಕ ಹತ್ತೈತಿ. ನಾಳೆ ನಾಡಿದ್ದು ಅನಬ್ಯಾಡ್ರಿ, ಇವತ್ತ ಹುಬ್ಬಳ್ಳಿಗೆ ಹೋಗ್ರಿ," ಎಂದರು. ಅಲ್ಲಿ ಆಪರೇಷನ್ ಆಯಿತು. ಪಟ್ಟಿ ಕಟ್ಟಿಕೊಂಡು, ಡಾಕ್ಟರು ಹೇಳಿದಂತೆ ಬೋರಲು ಮಲಗಿದ್ದ ಆ ಕತ್ತಲಲ್ಲಿ ಹಗಲು ಯಾವುದು, ರಾತ್ರಿ ಯಾವುದು ತಿಳಿಯುತ್ತಿರಲಿಲ್ಲ. ಪಟ್ಟಿ ಬಿಚ್ಚಿದಾಗ ಕಣ್ಣು ತೆರೆಯಲು ಧೈರ್ಯವೇ ಬರಲಿಲ್ಲ.

"ತೆಗಿಯವ್ವಾ, ನಾ ಇಲ್ಲೇ ಅದೀನಿ," ಎಂದಳು ಅವ್ವ.

ತೆರೆದೆ. ಮೊದಲು ಬರೀ ಮಂಜು, ನಿಧಾನವಾಗಿ ಅವಳ ಮೂಗುತಿ.

ಈಗ ನಾನೂ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಕಣ್ಣು ಉಳಿಯಿತು, ಅದರ ಜೊತೆ ಭಯವೂ ಉಳಿಯಿತು. ಇಂದಿಗೂ ಬೆಳಿಗ್ಗೆ ಎಚ್ಚರವಾದ ಮೇಲೆ ಒಂದು ಗಳಿಗೆ ರೆಪ್ಪೆ ತೆರೆಯದೆ ಹಾಗೇ ಮಲಗಿರುತ್ತೇನೆ.