ಗುಮ್ಮಟದ ನೆರಳು

ಗಲ್ಫಿನ ರೂವಿ ಪೇಟೆಯ ಪ್ರವಾಸ ಕಚೇರಿಯೊಂದರಲ್ಲಿ ನಾನು ಮೆಡಿಟರೇನಿಯನ್ ಹಡಗುಯಾನಗಳನ್ನು ಮಾರುತ್ತೇನೆ. ಓದಿದ್ದು ವಾಸ್ತುಶಿಲ್ಪ. ಫ್ಲಾರೆನ್ಸಿನ ಮಹಾ ಗುಮ್ಮಟವನ್ನು ಒಂದು ವರ್ಷವಿಡೀ ಚಿತ್ರಿಸಿದ್ದೇನೆ, ಕಂಡಿಲ್ಲ. ನಾನೇ ಕಳುಹಿಸಿದ ಮೈಸೂರಿನ ಮಹಿಳೆಯೊಬ್ಬರು ಅಲ್ಲಿಂದ ಮರಳಿದಾಗ, ಅದರ ಒಳಗೆ ನಿಂತು ತಲೆಯೆತ್ತಿದರೆ ಹೇಗನಿಸುತ್ತದೆ ಎಂದು ಕೇಳಿದೆ.

“ಒಳಗೆಲ್ಲಿ ಹೋದೆವಪ್ಪ, ಅಷ್ಟುದ್ದ ಕ್ಯೂ. ಹಡಗಿನ ಅನ್ನಕ್ಕೆ ನಮ್ಮ ಪುಳಿಯೋಗರೆ ಗೊಜ್ಜು ಕಲಸಿ ತಂದಿದ್ದೆ. ಹೊರಗೆ ನೆರಳಲ್ಲಿ ಕೂತು ತಿಂದೆವು. ಅಷ್ಟರಲ್ಲಿ ನಮ್ಮೆಜಮಾನರು ‘ಯಲ್ಲಾ, ಹೊರಡೋಣ’ ಅಂದರು, ಹಡಗಿಗೆ ಮರಳುವ ಬಸ್ ಹತ್ತಿದೆವು.”

ನನಗೆ ಸಿಟ್ಟು ಬಂತು. ಆದರೂ ಕೇಳದಿರಲಾಗಲಿಲ್ಲ.

“ನೆರಳು ಗುಮ್ಮಟದ್ದೇ?”

“ಇರಬೇಕು. ತಣ್ಣಗಿತ್ತು.”

ಗುಮ್ಮಟದ ಕುರಿತು ಯಾವ ಗ್ರಂಥವೂ ನನಗೆ ತಿಳಿಸದಿದ್ದ ಸಂಗತಿ ಅದೊಂದೇ. ಈಗ ಪ್ರತಿ ಗ್ರಾಹಕರಿಗೂ ಅದರ ನೆರಳು ತಣ್ಣಗಿರುತ್ತದೆ ಎಂದು ಅಲ್ಲೇ ಕೂತು ಬಂದವನಂತೆ ಹೇಳುತ್ತೇನೆ. ಗೊಜ್ಜು ಒಯ್ಯುವಂತೆಯೂ ಸೂಚಿಸುತ್ತೇನೆ.