ಗಿರಣಿ ಗೇಟಿನಲ್ಲಿ ಶಾಂತಿ

ಸಿರುಗುಪ್ಪದಲ್ಲಿ ನಾನು ಗುಮಾಸ್ತನಾಗಿದ್ದ ಅಕ್ಕಿ ಗಿರಣಿಯ ಹಮಾಲರ ಸಂಘಕ್ಕೆ ಹಿರಿಯ ಹಮಾಲರೊಬ್ಬರು ಕಾರ್ಯದರ್ಶಿ. ಎದುರಿಗೆ ಯಾರೇ ಕೂಗಾಡಲಿ, ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿ, "ಕುಂತು ಮಾತಾಡೋಣ್ರಿ" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲೊಮ್ಮೆ ಉತ್ತರದ ಕಡೆ ಉಗ್ರರು ಬಸ್ಸಿಗೆ ಬಾಂಬಿಟ್ಟು ಜನರನ್ನು ಕೊಂದರು. ಗಡಿಯಾಚೆಯ ದೇಶಕ್ಕೆ ಸೈನ್ಯ ನುಗ್ಗಿಸಿ ಸೇಡು ತೀರಿಸಿಕೊಳ್ಳಬೇಕೆಂದು ಊರಿನ ಚಹಾದಂಗಡಿಗಳೆಲ್ಲ ಕುದಿಯುತ್ತಿದ್ದವು.

"ಬಸ್ಸಿನಾಗ ಸತ್ತೋರೂ ದುಡಿಯೋ ಮಂದಿ, ಯುದ್ಧದಾಗ ಸಾಯೋರೂ ದುಡಿಯೋರ ಮಕ್ಕಳೇ" ಎಂದು ಅವರು ಮುಷ್ಕರ ಕರೆದರು. ಬೇಡಿಕೆ ಒಂದೇ, ಯುದ್ಧ ಬೇಡ. ದೇಶದ್ರೋಹಿ ಎಂದು ಕೂಗುತ್ತ ಗೇಟಿನ ಮುಂದೆ ನೆರೆದಿದ್ದ ಗುಂಪಿನಿಂದ ಒಬ್ಬ ಕಲ್ಲೆಸೆದ. ಹಣೆಯ ರಕ್ತ ಒರೆಸಿಕೊಂಡು, ಟವೆಲ್ಲಿನ ಇನ್ನೊಂದು ತುದಿಯಿಂದ ಅವರು ಕುರ್ಚಿ ಒರೆಸಿದರು.

ಬೇಡಿಕೆ ಯಾವುದಿದ್ದರೂ ಮಾಲೀಕರ ಮುಂದಿಡುವುದು ಸಂಘದ ಪದ್ಧತಿ. ಇದನ್ನೂ ಅಲ್ಲೇ ಇಟ್ಟರು.

"ನಾನೇನ್ ಯುದ್ಧಕ್ಕ ಹೊಂಟೀನೇನಪ್ಪ?" ಎಂದರು ಮಾಲೀಕರು.

"ಅದನ್ನ ಎಲ್ಲಾರ ಮುಂದ ಹೇಳ್ರಿ ಸಾವ್ಕಾರ್ರ, ಸಾಕು."

ಗೇಟಿನಾಚೆ ಲಾರಿಗಳು ಸಾಲುಗಟ್ಟಿದ್ದವು. ಮಾಲೀಕರು ಬೇರೆ ದಾರಿಯಿಲ್ಲದೆ ಆ ಕುರ್ಚಿಯಲ್ಲಿ ಕೂತು, ತಾವು ಯಾವ ದೇಶದ ಮೇಲೂ ದಾಳಿ ಮಾಡುವುದಿಲ್ಲವೆಂದು ಮಾತು ಕೊಟ್ಟರು. ಹಮಾಲರು ಚಪ್ಪಾಳೆ ತಟ್ಟಿ ಮೂಟೆಗೆ ಹೆಗಲು ಕೊಟ್ಟರು.

ಕಾರ್ಯದರ್ಶಿಗಳು ಕುರ್ಚಿಯನ್ನು ಮತ್ತೆ ಒರೆಸಿ ನನಗೆ ಹೇಳಿದರು:

"ಒಬ್ರು ಒಪ್ಪಿದ್ರು. ಈಗ ಆ ಕಲ್ಲು ಒಗದಾತನ್ನ ಕರೀರಿ."