ಬೊರಿವಲಿ ಕಾಡಿನ ಇದ್ದಿಲು

ಕಳೆದ ಜನವರಿಯ ಒಂದು ಭಾನುವಾರ ಬೆಳಿಗ್ಗೆ ನಾವು ಮೂವರು ಮುಂಬೈನ ಬೊರಿವಲಿಯ ಕಾಡಿಗೆ ಹೋದೆವು: ನಾನು, ನಮ್ಮ ಬಿಲ್ಡಿಂಗಿನ ಕೆಳಮನೆಯ ಚಾಚಾ, ಅವರ ಮೊಮ್ಮಗಳು. ಚಾಚಾ ವಿಜಯಪುರದ ಕಡೆಯವರು, ಅಂಧೇರಿಯಲ್ಲಿ ಬಡಗಿಯಾಗಿ ದುಡಿದವರು. ಈ ಕಾಡಿನಲ್ಲಿ ಮರ ಕಡಿಯುತ್ತಿದ್ದ ಕಾಲದಲ್ಲಿ ತಮ್ಮ ತಂದೆ ಇಲ್ಲಿ ಇದ್ದಿಲಿನ ಭಟ್ಟಿ ಹಾಕುತ್ತಿದ್ದರೆಂದು ಅವರು ಎಷ್ಟು ಸಲ ಹೇಳಿದರೂ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಮೊಮ್ಮಗಳಿಗಾದರೂ ತೋರಿಸಬೇಕೆಂಬುದು ಅವರ ಆಸೆ.

ಗೈಡ್ ಜೊತೆ ಹೊರಟೆವು. ಕಡಿದ ಬೊಡ್ಡೆಗಳನ್ನು ನಾನು ಹುಡುಕುತ್ತಲೇ ಇದ್ದೆ. ಒಂದೂ ಸಿಗಲಿಲ್ಲ.

"ದಾದಾ, ಇಲ್ಲಿ ತೋ ಬರೀ ಝಾಡ್ ಇದೆ," ಎಂದಳು ಹುಡುಗಿ, ಮೊಬೈಲನ್ನು ಮರಗಳತ್ತ ಹಿಡಿದು ಅಜ್ಜನಿಗೆ. "ಪ್ರೂಫ್ ಎಲ್ಲಿ?"

"ಮೊದ್ಲ ಆ ಮೊಬೈಲ್ ಕೆಳಗ ಇಳಸು. ಕಂಡೀತು."

ಇಳಿಜಾರಿನಲ್ಲಿ ತೇಗದ ಮರಗಳು ಒಂದೇ ಬುಡದಿಂದ ಮೂರು ನಾಲ್ಕಾಗಿ ಎದ್ದಿದ್ದವು. ಬುಡಮಟ್ಟ ಕಡಿದ ಮರ ಹೀಗೇ ಚಿಗುರುತ್ತದೆ ಎಂದ ಗೈಡ್. ಬೆಳಗಿನಿಂದ ನಾನು ದಾಟಿ ಬಂದದ್ದೆಲ್ಲ ಅಂಥವೇ ಮರಗಳು. ನನ್ನ ನಡಿಗೆ ತಾನಾಗಿ ಚುರುಕಾಯಿತು.

ಅವುಗಳ ಕೆಳಗೆ, ಭಟ್ಟಿ ಹಾಕಲೆಂದೇ ಸಮ ಮಾಡಿದಂತೆ, ಕೋಣೆಯಷ್ಟು ಅಗಲದ, ದುಂಡನೆಯ ಸಮತಟ್ಟು ನೆಲ. ಅಂಚಿನಲ್ಲಿ ಕಾಡುಹಂದಿ ಕೆದರಿ ಹೋದ ಮಣ್ಣು ಕಪ್ಪಗಿತ್ತು. ಮಂಡಿನೋವು ಮರೆತು ಚಾಚಾ ಕುಕ್ಕರುಗಾಲಲ್ಲಿ ಕುಳಿತು, ಇದ್ದಿಲಿನ ಎರಡು ಚೂರು ಹೆಕ್ಕಿದರು.

"ವಣವಾ ಅಸೇಲ್, ಆಜೋಬಾ," ಎಂದ ಗೈಡ್. ಕಾಡ್ಗಿಚ್ಚಿನದಿರಬೇಕು, ಅಜ್ಜ, ಎಂದು.

ಚಾಚಾ ನಮ್ಮ ಕಡೆ ತಿರುಗಿದರು. "ಕಿಚ್ಚಿನ ಇದ್ದಲಿ ಮೆತ್ತಗ ಪುಡಿ ಆಗ್ತದ. ಭಟ್ಟೀದು ಬಡದ್ರ ಖಣ್ ಅಂತದ. ಚೀಲಾ ತುಂಬೂ ಮೊದ್ಲ ನಮ್ಮ ಅಬ್ಬಾ ಬಡದು ಕೇಳ್ತಿದ್ರಂತ."

ಬಡಿದರು. ಟಪ್ ಎಂದಿತು. ಹುಡುಗಿ ತುಟಿ ಕಚ್ಚಿ ನಗು ತಡೆದಳು.

"ಹಸಿ ಅದಾವು. ಒಣಗ್ಲಿ."

ಚೂರುಗಳನ್ನು ಬಿಸಿಲಿನ ಬಂಡೆಯ ಮೇಲಿಟ್ಟು ನಾವು ಬುತ್ತಿ ಬಿಚ್ಚಿದೆವು. ಎಲ್ಲರ ಕಣ್ಣೂ ಬಂಡೆಯ ಮೇಲೇ ಇತ್ತು. ನಾನು ಏನು ತಿಂದೆನೋ ನೆನಪಿಲ್ಲ. ಬಂಡೆಯ ನೆರಳು ನಮ್ಮ ಕಾಲಿನವರೆಗೆ ಬಂದಾಗ ಚಾಚಾ ಎದ್ದು ಮತ್ತೆ ಬಡಿದರು.

ಖಣ್.

"ದಾದಾ, ಫಿರ್ ಸೇ," ಎಂದ ಹುಡುಗಿ, ಇನ್ನೊಮ್ಮೆ ಬಡಿದಾಗ ಆ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡಳು. ಗೈಡ್ ತಾನೂ ಒಮ್ಮೆ ಬಡಿದು ನೋಡಿದ. ಆಮೇಲೆ ಆ ದುಂಡು ನೆಲವನ್ನು ಹೆಜ್ಜೆ ಹಾಕಿ ಅಳೆದ.

ಕಾಡಿನಿಂದ ಏನನ್ನೂ ತರುವಂತಿಲ್ಲ. ಚೂರುಗಳನ್ನು ಚಾಚಾ ಅಲ್ಲೇ ಇಟ್ಟು ಮಣ್ಣು ಮುಚ್ಚಿದರು. ಸಂಜೆ ಆ ಸದ್ದು ಅವರ ಮನೆಯವರ ಗ್ರೂಪಿಗೆ ಹೋಯಿತು. ಬಾಂದ್ರಾದಲ್ಲಿರುವ ಮಗ ಮರುವಾರವೇ ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋದ.